ಆರು ವರ್ಷ ಶೆಡ್‌ನಲ್ಲಿ ನಿಂತ ಬುಲೆಟ್: ತೊಂದರೆ ಪೆಟ್ರೋಲ್‌ದೋ, ಕರೆಂಟ್‌ದೋ?

ಪ್ರಶ್ನೆ: ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ. ಅಪ್ಪನ 1998ರ ಬುಲೆಟ್ 350 ಆರು ವರ್ಷದಿಂದ ಕಾಫಿ ಗೋಡೌನ್ ಪಕ್ಕದ ಶೆಡ್‌ನಲ್ಲಿ ನಿಂತಿತ್ತು. ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಓಡಿಸಬೇಕು ಅಂತ ಆಸೆ. ಹೊಸ ಬ್ಯಾಟರಿ ಹಾಕಿದೆ. ಟ್ಯಾಂಕಿನಲ್ಲಿದ್ದ ಹಳೇ ಪೆಟ್ರೋಲ್ ಮೇಲೆಯೇ ಎರಡು ಲೀಟರ್ ಹೊಸದು ಸುರಿದೆ. ಮೊದಲ ದಿನ ಎಷ್ಟು ಕಿಕ್ ಹೊಡೆದರೂ ಏನೂ ಇಲ್ಲ. ಮರುದಿನ ಚೋಕ್ ಹಾಕಿದಾಗ ಸ್ಟಾರ್ಟ್ ಆಯಿತು, ವಿಪರೀತ ಹೊಗೆ. ಚೋಕ್ ತೆಗೆದರೆ ಆಫ್. ಆಕ್ಸಿಲರೇಟರ್ ತಿರುಗಿಸಿದರೆ ಕಾರ್ಬೊರೇಟರ್ ಕಡೆಯಿಂದ ಫಟ್ ಅನ್ನುತ್ತದೆ. ಹಾರ್ನ್ ಒಮ್ಮೆ ಬಡಿಯುತ್ತದೆ, ಒಮ್ಮೆ ಇಲ್ಲ. ಗಾಡಿ ಓಡುವಾಗಲೂ ಆಂಪಿಯರ್ ಮೀಟರ್ ಮುಳ್ಳು ಮೈನಸ್ ಕಡೆಗೇ ಇರುತ್ತದೆ. ಮೆಕ್ಯಾನಿಕ್ ನೋಡಿ, ಕಾರ್ಬೊರೇಟರ್, ಕಾಯಿಲ್, ಪೂರ್ತಿ ವೈರಿಂಗ್ ಬದಲಾಯಿಸಬೇಕು ಅಂದರು. ನಿಜವಾಗಿಯೂ ಬೇಕಾ ಸರ್?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಸ್ಪಾರ್ಕ್‌ಗೆ ವೋಲ್ಟೇಜ್ ಏರಿಸಿಕೊಡುವ ಕಾಯಿಲ್ ಅಂತೂ ಬೇಡವೇ ಬೇಡ. ಕಾಯಿಲ್ ಸತ್ತಿದ್ದರೆ ಆ ಗಾಡಿ ಮರುದಿನವೂ ಸ್ಟಾರ್ಟ್ ಆಗುತ್ತಿರಲಿಲ್ಲ, ಅಲ್ವಾ?

ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ. ಚೋಕ್‌ನಲ್ಲಿ ಮಾತ್ರ ಓಡುತ್ತದೆ, ಆಕ್ಸಿಲರೇಟರ್ ಕೊಟ್ಟರೆ ಕಾರ್ಬೊರೇಟರ್ ಸೀನುತ್ತದೆ ಅಂದರೆ ಇಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ. ಹಾರ್ನ್ ಮನಸ್ಸು ಬಂದಾಗ ಬಡಿಯುತ್ತದೆ ಅಂದರೆ ಎಲ್ಲೋ ಒಂದು ಜಾಯಿಂಟ್ ಸಡಿಲ ಅಥವಾ ಕಿಲುಬು. ಮುಳ್ಳು ಮೈನಸ್‌ನಲ್ಲೇ ನಿಲ್ಲುವುದು, ಅಂದರೆ ಬ್ಯಾಟರಿಯಿಂದ ಕರೆಂಟ್ ಹೋಗುತ್ತಲೇ ಇರುವುದು, ಚಾರ್ಜಿಂಗ್ ವಿಷಯ. ಹೊಗೆ ಮತ್ತೊಂದು ಕಥೆ. ಒಟ್ಟು ನಾಲ್ಕು ಬೇರೆ ಬೇರೆ ತೊಂದರೆ. ಇವನ್ನು ಒಂದೇ ತೊಂದರೆ ಅಂದುಕೊಂಡು ಒಟ್ಟಿಗೆ ಎಲ್ಲವನ್ನೂ ಬದಲಾಯಿಸಲು ಹೋದರೆ ದುಡ್ಡೂ ಹೋಗುತ್ತದೆ, ಯಾವುದರಿಂದ ಸರಿಯಾಯಿತು ಅನ್ನೋದೂ ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಮಾಡಿ, ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ.

ಮೊದಲು ಹೊಗೆಯ ವಿಷಯ ಮುಗಿಸೋಣ, ಅದು ಸುಲಭ. ಬುಲೆಟ್‌ನಲ್ಲಿ ಆಯಿಲ್‌ಗೆ ಬೇರೆ ಕೋಣೆ ಇದೆ. ಗಾಡಿ ತುಂಬಾ ದಿನ ನಿಂತರೆ ಆ ಆಯಿಲ್ ನಿಧಾನಕ್ಕೆ ಇಳಿದು ಕ್ರ್ಯಾಂಕ್ ತಿರುಗುವ ಜಾಗದಲ್ಲಿ ತುಂಬಿಕೊಳ್ಳುತ್ತದೆ. ಆಗ ಸ್ಟಾರ್ಟ್ ಮಾಡಿದರೆ ಅದೆಲ್ಲ ಪಿಸ್ಟನ್ ದಾಟಿ ಮೇಲೆ ಬಂದು ಉರಿಯುತ್ತದೆ. ಹೊಗೆ ನೋಡಿ ಪಿಸ್ಟನ್ ರಿಂಗ್ ಹೋಗಿದೆ, ಸಿಲಿಂಡರ್ ಬೋರ್ ಮಾಡಿಸಬೇಕು ಅಂತ ಯಾರಾದರೂ ಹೇಳಿದರೆ ಈಗಲೇ ಒಪ್ಪಬೇಡಿ. ಇಂಜಿನ್ ಕೆಳಗಿನ ಡ್ರೈನ್ ಬೋಲ್ಟ್‌ಗಳನ್ನು ತೆಗೆದು ಹಳೇ ಆಯಿಲ್ ಪೂರ್ತಿ ಇಳಿಸಿ, ಹೊಸ 20ಡಬ್ಲ್ಯು-50 ದರ್ಜೆಯ ಆಯಿಲ್ ಹಾಕಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತೂತಿನೊಳಗೆ ಒಂದು ಟೀ ಚಮಚ ಆಯಿಲ್ ಬಿಟ್ಟು, ಕಿಕ್ಕರ್ ಅನ್ನು ಕೈಯಿಂದ ಒತ್ತಿ ಹತ್ತಿಪ್ಪತ್ತು ಸುತ್ತು ನಿಧಾನಕ್ಕೆ ತಿರುಗಿಸಿ. ಸ್ವಲ್ಪ ದೂರ ಓಡಿದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಗ ರಿಂಗ್ ಬಗ್ಗೆ ಯೋಚಿಸೋಣ. ಹಾಗೇ ಏರ್ ಫಿಲ್ಟರ್ ಡಬ್ಬಿಯನ್ನೂ ಸೈಲೆನ್ಸರ್ ಬಾಯನ್ನೂ ಒಮ್ಮೆ ಟಾರ್ಚ್ ಹಾಕಿ ನೋಡಿಬಿಡಿ. ಕಾಫಿ ಶೆಡ್‌ನಲ್ಲಿ ಇಲಿ ಗೂಡು ಕಟ್ಟದೆ ಬಿಡುವುದು ಅಪರೂಪ.

ಈಗ ಪೆಟ್ರೋಲ್. ಹಳೇದರ ಮೇಲೆ ಹೊಸದು ಸುರಿದದ್ದು ಎಲ್ಲರೂ ಮಾಡುವ ಕೆಲಸ. ಆದರೆ ಅದರಿಂದ ಹಳೇದು ಹೊಸದಾಗುವುದಿಲ್ಲ, ಹೊಸದು ಹಾಳಾಗುತ್ತದೆ. ಪೆಟ್ರೋಲ್‌ನಲ್ಲಿ ಬೇಗ ಆವಿಯಾಗುವ ಅಂಶವೇ ತಣ್ಣಗಿನ ಇಂಜಿನ್ ಹೊತ್ತಿಕೊಳ್ಳಲು ಬೇಕಾದದ್ದು. ಕೆಲವು ತಿಂಗಳಲ್ಲೇ ಅದು ಹಾರಿಹೋಗಿ, ಉಳಿದದ್ದು ಅಂಟು ಅಂಟಾಗುತ್ತದೆ. ಜೊತೆಗೆ ಈಗಿನ ಪೆಟ್ರೋಲ್‌ನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಒಂದು ಮಿತಿ ದಾಟಿದ ಮೇಲೆ ನೀರು, ಎಥೆನಾಲ್ ಎರಡೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕ್ ಅಡಿಯ ನಲ್ಲಿ, ಎಳೆದುಕೊಳ್ಳುವುದೂ ಆ ತಳದಿಂದಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಊರಿನಲ್ಲಿ ಇದು ಎಷ್ಟು ಬೇಗ ಆಗುತ್ತದೆ ಅಂತ ನಿಮಗೇ ಗೊತ್ತು. ಮೊದಲ ದಿನ ಗಾಡಿ ಉಸಿರೇ ಎತ್ತದೆ ಇದ್ದದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಒಂದು ಸಣ್ಣ ಪರೀಕ್ಷೆ ಮಾಡಿ. ಶೆಡ್‌ನಿಂದ ಹೊರಗೆ ಗಾಡಿ ತಳ್ಳಿ. ಹತ್ತಿರ ಒಲೆ, ಬೀಡಿ, ಸೊಳ್ಳೆ ಬತ್ತಿ ಯಾವುದೂ ಇರಬಾರದು. ಪೆಟ್ರೋಲ್ ಪೈಪ್ ಕಳಚಿ, ಕಾಕ್ ಅನ್ನು ರಿಸರ್ವ್‌ಗೆ ತಿರುಗಿಸಿ, ಮೊದಲ ಅರ್ಧ ಲೀಟರ್ ಅನ್ನು ಒಂದು ಗಾಜಿನ ಬಾಟಲಿಗೆ ಹಿಡಿಯಿರಿ. ಅರ್ಧ ಗಂಟೆ ಅಲುಗಾಡಿಸದೆ ಇಡಿ. ನೀರು ಸೇರಿದ್ದರೆ, ಬೆಳಕಿಗೆ ಹಿಡಿದು ನೋಡಿದಾಗ ತಳದಲ್ಲಿ ಬೇರೆಯೇ ಒಂದು ಪದರ ಕಾಣಿಸುತ್ತದೆ, ಬಾಟಲಿ ಓರೆ ಮಾಡಿದರೆ ಅದು ಬೇರೆಯಾಗಿಯೇ ಜಾರುತ್ತದೆ. ಅದರಲ್ಲಿ ಕಂದು ಬಣ್ಣದ ಪುಡಿ ಇದ್ದರೆ ಟ್ಯಾಂಕ್ ಒಳಗೆ ತುಕ್ಕು ಹಿಡಿದಿದೆ ಅಂತ ಅರ್ಥ. ವಾಸನೆಯೂ ಪೆಟ್ರೋಲ್‌ನದ್ದಲ್ಲ, ಹಳೇ ವಾರ್ನಿಷ್ ಡಬ್ಬಿಯದ್ದು. ಇಷ್ಟು ನೋಡಿದ ಮೇಲೆ ಟ್ಯಾಂಕ್ ಖಾಲಿ ಮಾಡಲು ನಾನು ಹೇಳಬೇಕಾಗಿಲ್ಲ. ತೆಗೆದ ಪೆಟ್ರೋಲನ್ನು ತೋಡಿಗೆ ಚೆಲ್ಲಬೇಡಿ, ಸೌದೆ ಹೊತ್ತಿಸಲೂ ಬಳಸಬೇಡಿ. ಮುಚ್ಚಳ ಇರುವ ಕ್ಯಾನ್‌ನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ತುಕ್ಕು ಇದ್ದರೆ ಟ್ಯಾಂಕ್ ಇಳಿಸಿ, ಕಾಕ್ ಬಿಚ್ಚಿ, ಆ ತೂತನ್ನು ರಬ್ಬರ್ ಬಿರಡೆಯಿಂದ ಮುಚ್ಚಿ. ಒಂದು ಲೀಟರ್ ಬಿಸಿ ನೀರಿಗೆ 50ರಿಂದ 100 ಗ್ರಾಂ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ಲೆಕ್ಕದಲ್ಲಿ ಕಲಸಿ, ಟ್ಯಾಂಕ್ ಪೂರ್ತಿ ತುಂಬಿಸಿ ಒಂದು ರಾತ್ರಿ ಬಿಡಿ. ಗಟ್ಟಿ ತುಕ್ಕಿದ್ದರೆ ಒಳಗೆ ಒಂದು ತುಂಡು ಸಣ್ಣ ಚೈನ್ ಹಾಕಿ ಕುಲುಕಿಸಿ. ಕೆಲವರು ನಟ್ಟು ಬೋಲ್ಟು ಹಾಕುತ್ತಾರೆ, ಆಮೇಲೆ ಅದರಲ್ಲಿ ಒಂದೆರಡು ಒಳಗೇ ಉಳಿದು ಕಾಟ ಕೊಡುತ್ತವೆ. ಚೈನ್ ಆದರೆ ತುದಿ ಹಿಡಿದು ಎಳೆದುಕೊಳ್ಳಬಹುದು. ಬೆಳಿಗ್ಗೆ ಆ ನೀರು ಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಮತ್ತೆ ಒಳ್ಳೆ ನೀರಿನಿಂದ ತೊಳೆಯಿರಿ. ಮುಖ್ಯವಾದದ್ದು ಇನ್ನು ಮುಂದೆ. ತುಕ್ಕು ಬಿಟ್ಟ ಬರೀ ಕಬ್ಬಿಣ ಒಂದು ಗಂಟೆಯೊಳಗೇ ಮತ್ತೆ ಕೆಂಪಾಗುತ್ತದೆ. ಮಳೆಗಾಲದಲ್ಲಂತೂ ಕಣ್ಣೆದುರೇ. ಹಾಗಾಗಿ ತಕ್ಷಣ ಬಿಸಿಗಾಳಿ ಹಾಯಿಸಿ ಒಣಗಿಸಿ. ಟ್ಯಾಂಕ್ ಪೂರ್ತಿ ಆರಿ ತಣ್ಣಗಾದ ಮೇಲೆ ಒಂದು ಲೋಟ ಪೆಟ್ರೋಲ್‌ಗೆ ಸ್ವಲ್ಪ ಇಂಜಿನ್ ಆಯಿಲ್ ಸೇರಿಸಿ ಒಳಗೆಲ್ಲ ಹರಿಯುವಂತೆ ತಿರುಗಿಸಿ, ಅದನ್ನೂ ಆ ಕ್ಯಾನ್‌ಗೇ ಸುರಿಯಿರಿ. ಟ್ಯಾಂಕ್ ಹೊರಗಿನ ಚಿನ್ನದ ಗೆರೆ ಚೆನ್ನೈ ಕಾರ್ಖಾನೆಯಲ್ಲಿ ಕೈಯಲ್ಲೇ ಎಳೆದದ್ದು. ಹುಳಿ ನೀರು ಅದರ ಮೇಲೆ ಇಳಿಯದಂತೆ ಬಾಯಿಯ ಸುತ್ತ ಬಟ್ಟೆ, ಟೇಪು ಸುತ್ತಿಕೊಳ್ಳಿ. ಮನೆಯಲ್ಲಿ ಅಡುಗೆಯ ಕಪ್ಪು ಹುಳಿರಸ, ಕಾಚಂಪುಳಿ ಇದೆಯಲ್ಲ, ಅದನ್ನೇ ಹಾಕಿದರೆ ಆಗುವುದಿಲ್ಲವಾ ಅಂತ ಕೇಳುವವರಿದ್ದಾರೆ. ಹುಳಿ ಏನೋ ಇದೆ. ಆದರೆ ಅದರ ಬೆಲೆಗೆ ಟ್ಯಾಂಕ್ ತೊಳೆಯುವುದಕ್ಕಿಂತ ಪಂದಿ ಕರಿಗೆ (ಹಂದಿ ಸಾರು) ಉಳಿಸಿಕೊಳ್ಳುವುದು ಲೇಸು.

ಟ್ಯಾಂಕ್ ಮುಚ್ಚಳದಲ್ಲಿ ಗಾಳಿಗೆ ಸಣ್ಣ ತೂತು ಇರುತ್ತದೆ. ಅದು ಕಟ್ಟಿಕೊಂಡರೆ ಗಾಡಿ ಒಂದೆರಡು ಕಿಲೋಮೀಟರ್ ಓಡಿ ನಿಲ್ಲುತ್ತದೆ, ಮುಚ್ಚಳ ತೆಗೆದರೆ ಮತ್ತೆ ಹೊರಡುತ್ತದೆ. ಊದಿ ನೋಡಿ. ಕಾಕ್‌ನ ಜಾಲರಿ ಬ್ರಷ್‌ನಿಂದ ತೊಳೆಯಿರಿ. ಪೆಟ್ರೋಲ್ ಪೈಪ್ ಮಾತ್ರ ಹೊಸದು ಹಾಕಿ. 1998ರ ರಬ್ಬರ್ ಎಥೆನಾಲ್‌ಗೆ ಮಾಡಿದ್ದಲ್ಲ, ಬಿರಿದು ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಅಪಾಯ. ಅಂಗಡಿಯಲ್ಲಿ ಎಥೆನಾಲ್‌ಗೆ ಆಗುವ ಪೈಪ್ ಅಂತಲೇ ಕೇಳಿ.

ಇನ್ನು ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಕಳಿಸುವ ಕಾರ್ಬೊರೇಟರ್. ನಿಮ್ಮದು ಮಿಕ್‌ಕಾರ್ಬ್ ವಿಎಂ24 ಮಾದರಿ ಆಗಿದ್ದರೆ, ಅದು ಬಹಳ ಸರಳ ವಸ್ತು. ಪೆಟ್ರೋಲ್ ನಿಲ್ಲುವ ಬೌಲ್ ಮುರಿದಿಲ್ಲ, ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇರುವ ಸ್ಲೈಡ್ ತೀರಾ ಸವೆದಿಲ್ಲ ಅಂದರೆ ಬದಲಾಯಿಸುವ ಮಾತೇ ಇಲ್ಲ. ಕೆಳಗಿನ ಬೌಲ್ ಬಿಚ್ಚಿದರೆ ಹಸಿರು ಅಥವಾ ಕಂದು ಬಣ್ಣದ ಅಂಟು ಕಾಣಿಸುತ್ತದೆ. ಜೆಟ್ ಅಂದರೆ ಪೆಟ್ರೋಲನ್ನು ಅಳತೆಯಲ್ಲಿ ಬಿಡುವ, ತೂತಿರುವ ಹಿತ್ತಾಳೆ ತುಂಡು. ನಡುವೆ ದೊಡ್ಡದಾಗಿ ಕಾಣುವುದು ಮೇನ್ ಜೆಟ್. ಅದರ ಪಕ್ಕ ಕೊಳವೆಯೊಳಗೆ ಅಡಗಿ ಕೂತಿರುವುದು ಪೈಲಟ್ ಜೆಟ್. ನಿಮ್ಮ ಕಳ್ಳ ಅಲ್ಲೇ ಇದ್ದಾನೆ. ಅದರ ತೂತು ಕೂದಲೆಳೆಯಷ್ಟು. ಚೋಕ್ ತೆಗೆದ ಮೇಲೂ ಇಂಜಿನ್ ಐಡಲಿಂಗ್‌ನಲ್ಲಿ (ಆಕ್ಸಿಲರೇಟರ್ ಮುಟ್ಟದೆ) ಓಡುತ್ತಿರಬೇಕಾದರೆ, ಆಕ್ಸಿಲರೇಟರ್‌ನ ಮೊದಲ ಕಾಲು ತಿರುವು ಸರಿ ಇರಬೇಕಾದರೆ ಪೆಟ್ರೋಲ್ ಬರುವುದು ಆ ತೂತಿನಿಂದ. ಬಿಚ್ಚುವಾಗ ಜೆಟ್ ತಲೆಯ ಗೀರಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬಳಸಿ. ಹಿತ್ತಾಳೆ ಮೆದು, ತಲೆ ಕಿತ್ತುಬಂದರೆ ಆಮೇಲೆ ನಿಜವಾಗಿಯೂ ಹೊಸ ಕಾರ್ಬೊರೇಟರ್ ಬೇಕಾಗುತ್ತದೆ.

ಜೆಟ್ಟನ್ನು ಬೆಳಕಿಗೆ ಹಿಡಿಯಿರಿ. ಆ ಕಡೆ ಒಂದು ದುಂಡನೆಯ ಬೆಳಕಿನ ಚುಕ್ಕೆ ಕಾಣಿಸಬೇಕು. ಚುಕ್ಕೆ ಅರ್ಧಚಂದ್ರದಂತಿದ್ದರೂ ಕ್ಲೀನ್ ಆಗಿಲ್ಲ ಅಂತಲೇ. ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ ಒಂದು ಗಂಟೆ ನೆನೆಯಲು ಬಿಟ್ಟು, ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಊದಿ. ಕಣ್ಣಿಗೆ ಕನ್ನಡಕ ಇರಲಿ. ಸೂಜಿ, ಸೇಫ್ಟಿಪಿನ್ ಚುಚ್ಚಬೇಡಿ, ತೂತು ದೊಡ್ಡದಾದರೆ ಅಳತೆಯೇ ಕೆಟ್ಟಿತು. ತೀರಾ ಅಗತ್ಯ ಬಿದ್ದರೆ ಹಳೇ ವೈರಿನ ಒಂದೇ ಒಂದು ತಾಮ್ರದ ಎಳೆ ಸಾಕು. ಜೆಟ್ ಒಂದನ್ನೇ ತೊಳೆದು ಮುಗಿಸಬೇಡಿ, ಅದರ ಹಿಂದಿನ ದಾರಿಗಳೂ ಕಟ್ಟಿರುತ್ತವೆ. ಜೆಟ್ ಬಿಚ್ಚಿದ ತೂತಿನಿಂದ ಸ್ಪ್ರೇ ಮಾಡಿದರೆ ಗಾಳಿಯ ಸ್ಕ್ರೂ ತೂತಿನಿಂದಲೂ ಸ್ಲೈಡ್ ಹತ್ತಿರದ ಚಿಕ್ಕ ತೂತಿನಿಂದಲೂ ಹೊರಗೆ ಚಿಮ್ಮಬೇಕು. ಬೌಲ್‌ನೊಳಗೆ ತೇಲುವ ಫ್ಲೋಟ್ ಎತ್ತಿ, ಪೆಟ್ರೋಲ್ ಬರುವ ನಳಿಕೆಯಲ್ಲಿ ಊದಿದರೆ ಗಾಳಿ ನಿಲ್ಲಬೇಕು, ಬಿಟ್ಟರೆ ಹೋಗಬೇಕು. ಜೋಡಿಸುವಾಗ ಗಾಳಿಯ ಸ್ಕ್ರೂವನ್ನು ಮೆತ್ತಗೆ ಪೂರ್ತಿ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಬಿಚ್ಚಿ ಬಿಡಿ. ಇಂಜಿನ್ ಬಿಸಿಯಾದ ಮೇಲೆ ಅಲ್ಲಿಂದ ಆಚೀಚೆ ಹೊಂದಿಸಿಕೊಳ್ಳಬಹುದು. ಕಾರ್ಬೊರೇಟರ್‌ಗೂ ಇಂಜಿನ್ ಹೆಡ್‌ಗೂ ನಡುವಿನ ಜೋಡಣೆ ಬಿರುಕು ಬಿಟ್ಟಿದ್ದರೂ ಇದೇ ಲಕ್ಷಣ ಬರುತ್ತದೆ. ಐಡಲಿಂಗ್‌ನಲ್ಲಿರುವಾಗ ಅಲ್ಲಿಗೆ ಸ್ವಲ್ಪ ನೀರು ಸಿಂಪಡಿಸಿ. ಇಂಜಿನ್ ಸದ್ದು ಬದಲಾದರೆ ಅಲ್ಲಿ ಗಾಳಿ ಎಳೆಯುತ್ತಿದೆ.

ಪೆಟ್ರೋಲ್ ಕಡೆ ಇಷ್ಟು ಮುಗಿಯುವವರೆಗೆ ಕರೆಂಟ್ ಕಡೆ ಕೈ ಹಾಕಬೇಡಿ.

ಕರೆಂಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಂಡಿತವಾಗಿದೆ. ಕೊಡಗಿನಲ್ಲಿ ನಿಂತ ಗಾಡಿಯಲ್ಲಿ ಪಾರ್ಟ್ ಕೆಡುವುದಕ್ಕಿಂತ ಜಾಯಿಂಟ್ ಕೆಡುವುದು ಜಾಸ್ತಿ. ಪೂರ್ತಿ ವೈರಿಂಗ್ ಬದಲಾಯಿಸಿದರೆ ಗಾಡಿ ಸರಿಯಾಗುತ್ತದೆ ನಿಜ, ಏಕೆಂದರೆ ಆ ನೆಪದಲ್ಲಿ ಎಲ್ಲ ಜಾಯಿಂಟ್ ಹೊಸದಾಗುತ್ತದೆ! ಅದನ್ನೇ ನೀವು ಉಪ್ಪುಕಾಗದ, ಸ್ಪ್ಯಾನರ್ ಹಿಡಿದು ಒಂದು ಮಧ್ಯಾಹ್ನ ಮಾಡಬಹುದು. ಇಲಿ ಕಡಿದ ವೈರ್ ಕಂಡರೆ ಆ ತುಂಡನ್ನು ಬೆಸೆದು ಸರಿ ಮಾಡಿ. ಕಡಿತ ತೀರಾ ಜಾಸ್ತಿ ಇದ್ದರೆ ಮಾತ್ರ ಹೊಸ ವೈರಿಂಗ್.

ಬೇಕಾದ ಸಾಮಾನು ಎರಡು. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದು. ಒಂದು 12 ವೋಲ್ಟ್ ಇಂಡಿಕೇಟರ್ ಬಲ್ಬಿಗೆ ಎರಡು ಉದ್ದ ವೈರ್ ಬೆಸೆದು ಮಾಡಿದ ಟೆಸ್ಟ್ ಲ್ಯಾಂಪ್ ಇನ್ನೊಂದು. ಎರಡೂ ಯಾಕೆ ಅಂದರೆ, ಮಲ್ಟಿಮೀಟರ್ ಸುಳ್ಳು ಹೇಳದಿದ್ದರೂ ಪೂರ್ತಿ ನಿಜ ಹೇಳುವುದಿಲ್ಲ. ಕಿಲುಬು ಹಿಡಿದು ಒಂದೇ ಎಳೆ ಉಳಿದಿರುವ ವೈರ್ ಮೇಲೂ ಅದು 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಅದು ಎಳೆದುಕೊಳ್ಳುವ ಕರೆಂಟ್ ಅಷ್ಟು ಕಡಿಮೆ. ಬಲ್ಬ್ ಹಾಗಲ್ಲ. ಅದಕ್ಕೆ ಕರೆಂಟ್ ಬೇಕು. ಜಾಯಿಂಟ್ ಕೆಟ್ಟಿದ್ದರೆ ಮಂಕಾಗಿ ಉರಿಯುತ್ತದೆ ಅಥವಾ ಉರಿಯುವುದೇ ಇಲ್ಲ.

ಹೊಸ ಬ್ಯಾಟರಿ ಅಂದಿರಿ. ಅಂಗಡಿಯಲ್ಲಿ ಆಸಿಡ್ ಹಾಕಿ ಹಾಗೇ ಕೊಟ್ಟರಾ, ಅಥವಾ ಚಾರ್ಜ್ ಮಾಡಿ ಕೊಟ್ಟರಾ? ನಿಮ್ಮ ಗಾಡಿಯ ಇಗ್ನಿಷನ್ (ಸ್ಪಾರ್ಕ್ ಹುಟ್ಟಿಸುವ ವ್ಯವಸ್ಥೆ) ನಡೆಯುವುದೇ ಬ್ಯಾಟರಿಯಿಂದ. ಬ್ಯಾಟರಿ ಸೋತರೆ ಸ್ಪಾರ್ಕೂ ಸೋತಂತೆ. ಕೆಲವು ಗಂಟೆ ಸುಮ್ನೆ ಇಟ್ಟು ಅಳೆದಾಗ 12.6 ವೋಲ್ಟ್ ಹತ್ತಿರ ಇರಬೇಕು. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ಹಾಕುವಾಗ ಪ್ಲಸ್ ಮೈನಸ್ ಹಿಂದೆ ಹೇಗಿತ್ತೋ ಹಾಗೇ ಇದೆಯಾ ನೋಡಿಕೊಳ್ಳಿ.

ಆಮೇಲೆ ಅರ್ಥ್, ಅಂದರೆ ಗಾಡಿಯ ಮೈ ಮೂಲಕ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿ. ಬ್ಯಾಟರಿಯ ಮೈನಸ್ ವೈರ್ ಚಾಸಿಗೆ ಬೋಲ್ಟ್ ಆಗುವ ಜಾಗವನ್ನು ಬಿಚ್ಚಿ. ಪೇಂಟ್ ಮೇಲೆಯೇ ಬಿಗಿದಿರುತ್ತಾರೆ, ಅದರ ಕೆಳಗೆ ತುಕ್ಕು. ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ವ್ಯಾಸಲಿನ್ ಹಚ್ಚಿ. ಸರಿಯಾಯಿತಾ ಅಂತ ನೋಡಲು ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಮೈಗೆ ಒತ್ತಿ, ಕೀ ಆನ್ ಮಾಡಿ ಹಾರ್ನ್ ಒತ್ತಿ. 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಇನ್ನೂ ಸರಿ ಇಲ್ಲ. ನಿಮ್ಮ ಹಾರ್ನ್ ಕಥೆ ಇಲ್ಲೇ ಮುಗಿಯಬಹುದು. ಮುಗಿಯದಿದ್ದರೆ ಹೆಡ್‌ಲೈಟ್ ಒಳಗೆ ಕೈ ಹಾಕಿ. ಅಲ್ಲಿ ಆಂಪಿಯರ್ ಮೀಟರ್ ಹಿಂದೆ ಎರಡು ನಟ್ ಇವೆ. ಬ್ಯಾಟರಿಯಿಂದ ಬರುವ ಕರೆಂಟ್ ಆ ಮೀಟರ್ ಮೂಲಕವೇ ಹಾದು ಕೀಗೆ ಹೋಗುತ್ತದೆ. ಆ ನಟ್ ಸ್ವಲ್ಪ ಸಡಿಲವಾದರೂ ಗುಂಡಿಗೆ ಬಿದ್ದಾಗ ಗಾಡಿ ಆಫ್, ಮುಂದಿನ ಗುಂಡಿಗೆ ಮತ್ತೆ ಆನ್. ಕೈ ಹಾಕುವ ಮೊದಲು ಬ್ಯಾಟರಿ ಕಳಚಿಡಿ. ಫ್ಯೂಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಅದರ ಹೋಲ್ಡರ್ ಹಸಿರಾಗಿರುತ್ತದೆ, ಅದನ್ನೂ ಉಜ್ಜಿ.

ಸ್ಪಾರ್ಕ್ ನೋಡುವ ಮೊದಲು ಆಂಪಿಯರ್ ಮೀಟರ್‌ನಿಂದಲೇ ಒಂದು ಕೆಲಸ ತೆಗೆದುಕೊಳ್ಳಿ. ಲೈಟ್ ಎಲ್ಲ ಆಫ್ ಮಾಡಿ, ಕೀ ಆನ್ ಮಾಡಿ. ಸಿಲಿಂಡರ್‌ನ ಒತ್ತಡ ಬಿಡುವ ಡಿಕಂಪ್ರೆಸರ್ ಲಿವರ್ ಹಿಡಿದು ಕಿಕ್ಕರ್ ಅನ್ನು ತೀರಾ ನಿಧಾನಕ್ಕೆ ಒತ್ತುತ್ತಾ ಬನ್ನಿ. ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಜೋಡಿಸಿ ಕಡಿಯುವ ಸಣ್ಣ ಸ್ವಿಚ್) ಮುಚ್ಚಿದಾಗ ಮುಳ್ಳು ಮೈನಸ್ ಕಡೆ ಸ್ವಲ್ಪ ವಾಲುತ್ತದೆ, ಪಾಯಿಂಟ್ ತೆರೆದಾಗ ಸೊನ್ನೆಗೆ ಬರುತ್ತದೆ. ಹೀಗೆ ಆಡಿದರೆ ಬ್ಯಾಟರಿ, ಕೀ, ಕಾಯಿಲ್‌ನ ಒಂದು ಸುತ್ತು, ಪಾಯಿಂಟ್ ಎಲ್ಲ ಒಳಗಿಂದೊಳಗೆ ಸರಿ ಇವೆ. ಮುಳ್ಳು ಅಲುಗಾಡುವುದೇ ಇಲ್ಲ ಅಂದರೆ ಕರೆಂಟ್ ಅಲ್ಲಿಗೆ ತಲುಪುತ್ತಿಲ್ಲ ಅಥವಾ ಪಾಯಿಂಟ್ ಮೇಲೆ ಕಿಲುಬು. ಮೈನಸ್‌ನಲ್ಲೇ ಕಚ್ಚಿಕೊಂಡರೆ ಪಾಯಿಂಟ್ ತೆರೆಯುತ್ತಿಲ್ಲ ಅಥವಾ ಪಾಯಿಂಟ್‌ನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಶಾರ್ಟ್ ಆಗಿದೆ. ಕೀ ಆನ್‌ನಲ್ಲೇ ಬಿಟ್ಟು ಟೀ ಕುಡಿಯಲು ಹೋಗಬೇಡಿ. ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಕಾದು ಸುಡುತ್ತದೆ.

ಪಾಯಿಂಟ್ ಮೇಲ್ನೋಟಕ್ಕೆ ಕ್ಲೀನಾಗಿಯೇ ಕಾಣುತ್ತದೆ. ಆದರೆ ನಿಂತ ಗಾಡಿಯಲ್ಲಿ ಅದರ ಮೇಲೆ ಬೂದು ಬಣ್ಣದ ತೆಳು ಪೊರೆ ಇರುತ್ತದೆ. ತೆಳು ಅರದಿಂದ ಒಂದೆರಡು ಸಲ ಎಳೆದು, ಆಮೇಲೆ ದಪ್ಪ ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬರುವುದು ನಿಲ್ಲುವವರೆಗೆ. ಉಪ್ಪುಕಾಗದ ಇಲ್ಲಿ ಬೇಡ, ಅದರ ಮರಳು ಲೋಹಕ್ಕೆ ಚುಚ್ಚಿಕೊಳ್ಳುತ್ತದೆ. ಪೂರ್ತಿ ತೆರೆದಾಗ ಗ್ಯಾಪ್ 0.35ರಿಂದ 0.40 ಮಿಲಿಮೀಟರ್ ಇರಲಿ. ಪ್ಲಗ್ ಗ್ಯಾಪ್ ಸುಮಾರು 0.5. ಈಗ ಪ್ಲಗ್ಗನ್ನು ಹೆಡ್‌ಗೆ ತಾಗಿಸಿ ಕಿಕ್ ಹೊಡೆದರೆ ನೀಲಿ ಸ್ಪಾರ್ಕ್ ಚಟ್ ಅನ್ನಬೇಕು. ಪ್ಲಗ್ ಹಾಕುವ ತೂತಿನಿಂದ, ಪೆಟ್ರೋಲ್ ಪೈಪ್‌ನಿಂದ ಅದನ್ನು ದೂರ ಇಟ್ಟೇ ಮಾಡಿ. ಪಾಯಿಂಟ್‌ನಲ್ಲೇ ದೊಡ್ಡ ಕಿಡಿ ಹಾರಿ ಪ್ಲಗ್‌ನಲ್ಲಿ ಬಡಕಲು ಹಳದಿ ಕಿಡಿ ಬಂದರೆ ಕಂಡೆನ್ಸರ್ ಬದಲಾಯಿಸಿ. ಅದು ಅಗ್ಗದ ಪಾರ್ಟ್, ಹಳೇದಾದಷ್ಟೂ ಕೆಡುವ ಪಾರ್ಟ್ ಕೂಡ. ಇದೊಂದನ್ನು ಪರೀಕ್ಷೆ ಮಾಡದೆ ಕೊಂಡರೂ ನಾನು ಬೈಯುವುದಿಲ್ಲ.

ಕೊನೆಗೆ ಚಾರ್ಜಿಂಗ್. ಬುಲೆಟ್ ಐಡಲಿಂಗ್‌ನಲ್ಲಿ ಮುಳ್ಳು ಸ್ವಲ್ಪ ಮೈನಸ್ ಇರುವುದು ಮಾಮೂಲಿ, ಹೆದರಬೇಡಿ. ಆಕ್ಸಿಲರೇಟರ್ ಕೊಟ್ಟಾಗ ಪ್ಲಸ್‌ಗೆ ಬರಬೇಕು. ಬ್ಯಾಟರಿ ತುದಿಯಲ್ಲಿ ಅಳೆದರೆ ಆಗ ಸುಮಾರು 13.8ರಿಂದ 14.5 ವೋಲ್ಟ್ ಸಿಗಬೇಕು. 15 ದಾಟಿದರೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಸಿಬಿಡುತ್ತದೆ. ಏರುವುದೇ ಇಲ್ಲ ಅಂದರೆ ಇಂಜಿನ್‌ನಿಂದ ಬರುವ ಆಲ್ಟರ್ನೇಟರ್ (ಕರೆಂಟ್ ಹುಟ್ಟಿಸುವ ಭಾಗ) ವೈರ್‌ಗಳ ಕಪ್ಲರ್ ಬಿಚ್ಚಿ ನೋಡಿ. ಇಲ್ಲೂ ಹಸಿರು ಕಿಲುಬೇ ಮೊದಲ ಅಪರಾಧಿ. ಅದು ಚೆನ್ನಾಗಿದ್ದರೆ ಮೀಟರನ್ನು ಎಸಿಗೆ ತಿರುಗಿಸಿ ಆ ವೈರ್‌ಗಳ ನಡುವೆ ಅಳೆಯಿರಿ. ಇಂಜಿನ್ ವೇಗಕ್ಕೆ ತಕ್ಕಂತೆ ವೋಲ್ಟ್ ಏರುತ್ತಿದ್ದರೆ ಆಲ್ಟರ್ನೇಟರ್ ಸರಿ ಇದೆ, ತೊಂದರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಕಡೆ. ಏರದಿದ್ದರೆ ಮಾತ್ರ ಒಳಗೆ ಬಿಚ್ಚಬೇಕು, ಅದನ್ನು ಗ್ಯಾರೇಜಿಗೆ ಬಿಡಿ. ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ಚಾರ್ಜಿಂಗ್ ಟೆಸ್ಟ್ ಮಾಡುವ ಅಭ್ಯಾಸ ಕೆಲವರಿಗಿದೆ. ನಿಮ್ಮ ಗಾಡಿಗೆ ಮಾಡಲು ಬಿಡಬೇಡಿ, ಬಲ್ಬೂ ರೆಗ್ಯುಲೇಟರೂ ಒಟ್ಟಿಗೆ ಹೋಗುತ್ತವೆ.

ಸ್ಟಾರ್ಟ್ ಆಯಿತು ಅಂತ ಖುಷಿಯಲ್ಲಿ ನೇರ ಮಡಿಕೇರಿ ಏರು ಹತ್ತಿಸಬೇಡಿ. ಬ್ರೇಕ್ ಹಿಡಿಸುವ ಕ್ಯಾಮ್ ತುಕ್ಕು ಹಿಡಿದಿರುತ್ತದೆ, ಒತ್ತಿದರೆ ಬ್ರೇಕ್ ಕಚ್ಚಿಕೊಳ್ಳುತ್ತದೆ, ಮತ್ತೆ ಸಡಿಲವಾಗುವುದೇ ಇಲ್ಲ. ಟೈರ್ ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತದೆ, ಕೊನೆಯ ಎರಡು ಅದು ತಯಾರಾದ ವರ್ಷ. ನೆಲಕ್ಕೆ ತಾಗುವ ಗ್ರಿಪ್ ಪಟ್ಟಿ ಚೆನ್ನಾಗಿದ್ದರೂ ಪಕ್ಕ ಬಿರಿದಿದ್ದರೆ ಬದಲಾಯಿಸಿ. ಇದರಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ. ಆರ್‌ಸಿ (ನೋಂದಣಿ ಪತ್ರ) 15 ವರ್ಷಕ್ಕೆ ಮುಗಿದಿರುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅಪ್ಪನವರು ಮಾಡಿಸಿದ್ದಾರಾ ನೋಡಿ. ಇಲ್ಲದಿದ್ದರೆ ಇನ್ಶೂರೆನ್ಸ್ ಮಾಡಿಸಿಕೊಂಡು ಫಾರಂ 25ರ ಜೊತೆ ಮಡಿಕೇರಿ ಆರ್‌ಟಿಒಗೆ ಗಾಡಿ ತೋರಿಸಬೇಕಾಗುತ್ತದೆ. ಅಲ್ಲಿವರೆಗೆ ತೋಟದ ದಾರಿಯೊಳಗೇ ಓಡಿಸಿ.

ಸುಮಾರು 50 ಕಿಲೋಮೀಟರ್ ಆದ ಮೇಲೆ ಕಾರ್ಬೊರೇಟರ್ ಬೌಲ್ ಮತ್ತೊಮ್ಮೆ ಬಿಚ್ಚಿ ನೋಡಿ. ತಳದಲ್ಲಿ ಕಂದು ಪುಡಿ ಇದ್ದರೆ ಟ್ಯಾಂಕ್ ಇನ್ನೂ ತುಕ್ಕು ಬಿಡುತ್ತಿದೆ. ಆಗ ನಿಂಬೆ ಉಪ್ಪಿನ ಕೆಲಸ ಇನ್ನೊಂದು ಸಲ ಮಾಡಿ, ಪೈಪ್‌ನಲ್ಲಿ ಒಂದು ಸಣ್ಣ ಫಿಲ್ಟರ್ ಕೂರಿಸಿ. ಮುಂದಿನ ಮಳೆಗಾಲಕ್ಕೆ ಗಾಡಿ ನಿಲ್ಲಿಸುವುದಾದರೆ, ಒಂದು ತಿಂಗಳಾದರೆ ಟ್ಯಾಂಕ್ ಪೂರ್ತಿ ತುಂಬಿಸಿಡಿ, ಒಳಗೆ ತೇವದ ಗಾಳಿಗೆ ಜಾಗವೇ ಇರುವುದಿಲ್ಲ. ಮೂರು ತಿಂಗಳು ದಾಟುವುದಾದರೆ ಪೂರ್ತಿ ಖಾಲಿ ಮಾಡಿ, ಒಳಗೆ ಸ್ವಲ್ಪ ಆಯಿಲ್ ಸವರಿಡಿ. ಎರಡರಲ್ಲೂ ಕಾಕ್ ಮುಚ್ಚಿ ಬೌಲ್‌ನ ಪೆಟ್ರೋಲ್ ಚೆಲ್ಲಿ, ಬ್ಯಾಟರಿ ಬಿಚ್ಚಿ ಮನೆಯೊಳಗಿಟ್ಟು ತಿಂಗಳಿಗೊಮ್ಮೆ ಚಾರ್ಜ್‌ಗೆ ಹಾಕಿ.